ಪೊರೆ ಉಬ್ಬಬೇಕು, ಆದರೆ ಎಷ್ಟು?

ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಸೇರಿಕೊಂಡರೆ ಬಟ್ಟಿ ಇಳಿಸಿ ಪೂರ್ತಿ ಬಿಡಿಸಲು ಬರುವುದಿಲ್ಲ. ತೂಕದಲ್ಲಿ ಆಲ್ಕೋಹಾಲ್ ಸುಮಾರು ಶೇ. 88ಕ್ಕೆ ಬಂದಾಗ ಕೆಲಸ ನಿಂತುಬಿಡುತ್ತದೆ. ಅಲ್ಲಿಂದಾಚೆ ದ್ರವದಲ್ಲಿ ಎಷ್ಟು ನೀರಿದೆಯೋ ಆವಿಯಲ್ಲೂ ಅಷ್ಟೇ. 80 ಡಿಗ್ರಿ ಆಸುಪಾಸಿನಲ್ಲಿ ಎರಡೂ ಜೊತೆಯಾಗಿಯೇ ಕುದಿಯುತ್ತವೆ. ಎಥನಾಲಿನದೂ ಇದೇ ಪಾಡು, ಅದು ಶೇ. 95.6ರಲ್ಲಿ ಹಟ ಹಿಡಿಯುತ್ತದೆ. ಈ ಜೋಡಿ ಬಿಡಿಸಲು ಹಿಂದೆ ಬೆಂಜೀನ್ ಸೇರಿಸುತ್ತಿದ್ದರು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಔಷಧ ಕಾರ್ಖಾನೆಯವರು ಒಮ್ಮೆ ಬಳಸಿದ ದ್ರಾವಕವನ್ನು ಮತ್ತೆ ಬಳಸಬೇಕೆಂದರೆ ಕೊನೆಗೆ ಉಳಿಯುವ ಈ ಒಂದಿಷ್ಟು ನೀರೇ ತಲೆನೋವು. ನನ್ನ ಪಿಎಚ್‌ಡಿಯ ಒಂದು ಭಾಗ ಈ ನೀರನ್ನು ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಪೊರೆಯ ಮೂಲಕ ಹೊರಗೆಳೆಯುವುದರಲ್ಲಿ ಕಳೆಯಿತು. ಇನ್ನೊಂದು ಭಾಗದಲ್ಲಿ ಅದೇ ಜಾತಿಯ ಪಾಲಿಮರುಗಳಿಂದ, ದೇಹದೊಳಗೆ ಔಷಧವನ್ನು ನಿಧಾನಕ್ಕೆ ಬಿಡುವ ಮಣಿಗಳನ್ನು ಮಾಡಿದೆ.

ಇದೆಲ್ಲ ನಡೆದದ್ದು ಧಾರವಾಡದಲ್ಲಿ. ಇಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿಯವರ ಬಳಗ ವರ್ಷಗಟ್ಟಲೆ ಇದೇ ವಿಷಯದಲ್ಲಿ ದುಡಿದಿದ್ದರಿಂದ ಓದುವುದಕ್ಕೆ ಸಾಮಗ್ರಿಯ ಕೊರತೆ ಇರಲಿಲ್ಲ. ಮೆಂಬ್ರೇನ್ ಮಾಡುತ್ತೇನೆ ಎಂದರೆ ನೆಂಟರು ಕೇಳುತ್ತಿದ್ದುದು ಒಂದೇ: "ಆರ್‌ಓ ಮಷೀನಿನ್ಯಾಗ ಇರತೈತಲ್ಲ, ಅದನ?" ಅದರ ಸಂಬಂಧಿ, ಅಷ್ಟೇ. ಆರ್‌ಓದಲ್ಲಿ ಒತ್ತಡ ಹಾಕಿ ನೀರನ್ನು ಪೊರೆಯಾಚೆ ತಳ್ಳುತ್ತಾರೆ. ನಾನು ಮಾಡುತ್ತಿದ್ದ ಪರ್ವೇಪರೇಷನ್‌ನಲ್ಲಿ ತಳ್ಳುವುದೇನೂ ಇಲ್ಲ. ಪೊರೆಯ ಒಂದು ಬದಿಗೆ ದ್ರವ, ಇನ್ನೊಂದು ಬದಿಗೆ ನಿರ್ವಾತ. ನೀರು ಪೊರೆಯೊಳಗೆ ಕರಗಿ, ಸರಿದು, ಆಚೆ ದಡದಲ್ಲಿ ಆವಿಯಾಗಿ ಏಳುತ್ತದೆ. ಈ ಹೆಸರಿಟ್ಟವರು ಫಿಲಿಪ್ ಕೋಬರ್, 1917ರಲ್ಲಿ. ಬಾಯಿ ಬಿಗಿದು ತೂಗುಹಾಕಿದ್ದ ಕೊಲೋಡಿಯನ್ (ನೈಟ್ರೋಸೆಲ್ಯುಲೋಸಿನ ತೆಳು ಹಾಳೆ) ಚೀಲದೊಳಗಿನ ದ್ರವ ಆರಿಹೋಗುತ್ತಿದೆಯಲ್ಲ ಎಂದು ಅವರ ಸಹಾಯಕ ಗಮನಿಸಿದ್ದೇ ಇದರ ಮೂಲ.

ನಾನು ಶುರುಮಾಡಿದ್ದು ಪಾಲಿವಿನೈಲ್ ಆಲ್ಕೋಹಾಲಿನಿಂದ, ಅಂದರೆ ಪಿವಿಎ. ಬಿಳಿಯ ಪುಡಿ, ಅಗ್ಗ, ನೀರೆಂದರೆ ಪ್ರಾಣ. ಕರಗಿಸುವುದರಲ್ಲಿ ಮಾತ್ರ ಅವಸರ ನಡೆಯುವುದಿಲ್ಲ. ಝುಣಕ ಮಾಡುವಾಗ ಕುದಿಯುವ ನೀರಿಗೆ ಕಡಲೆಹಿಟ್ಟು ಒಮ್ಮೆಲೇ ಸುರಿದರೆ ಏನಾಗುತ್ತದೋ ಇಲ್ಲಿಯೂ ಅದೇ: ಹೊರಗೆ ಅಂಟು, ಒಳಗೆ ಒಣ ಪುಡಿ. ತಣ್ಣೀರಿನಲ್ಲಿ ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಹಾಕಿ, ಪುಡಿ ನೆನೆದ ಮೇಲೆ 80–90 ಡಿಗ್ರಿಗೆ ಏರಿಸಬೇಕು. ದ್ರಾವಣ ಶೇ. 5ರದ್ದು ಸಾಕು. ತಿಳಿಯಾದ ಮೇಲೂ ರಾತ್ರಿಯಿಡೀ ಮುಚ್ಚಿಡುತ್ತಿದ್ದೆ, ಏಕೆಂದರೆ ಕಣ್ಣಿಗೆ ಕಾಣದ ಗುಳ್ಳೆಗಳು ಮೇಲೇಳಲು ಹೊತ್ತು ಬೇಕು. ಒಣಗುವ ಹಾಳೆಯಲ್ಲಿ ಸಿಕ್ಕಿಕೊಂಡ ಒಂದೇ ಗುಳ್ಳೆ ಒಂದು ತೂತಾಗುತ್ತದೆ, ಒಂದೇ ತೂತಿನಿಂದ ಇಡೀ ಹಾಳೆ ದಂಡ.

ಗಾಜಿನ ತಟ್ಟೆಯನ್ನು ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ, ಅದರ ಮೇಲೆ ದ್ರಾವಣ ಸುರಿದು ಡಾಕ್ಟರ್ ಬ್ಲೇಡ್ ಎಂಬ, ದಪ್ಪ ಸಮವಾಗಿ ಹರಡುವ ಪಟ್ಟಿಯಿಂದ ಎಳೆಯುತ್ತೇವೆ. ಒಂದು ಮಿಲಿಮೀಟರ್ ದಪ್ಪಕ್ಕೆ ಎಳೆದರೆ ನೀರೆಲ್ಲ ಆರಿದ ಮೇಲೆ ಉಳಿಯುವುದು 40 ಮೈಕ್ರಾನ್. ಧಾರವಾಡದ ಮಳೆಗಾಲದಲ್ಲಿ ಇದು ಒಣಗಲು ಒಪ್ಪುವುದೇ ಇಲ್ಲ. ಒಲೆಯಲ್ಲಿಟ್ಟು ಬೇಗ ಒಣಗಿಸಿದರೆ ಅಂಚು ಮುದುಡಿ ನಡುವೆ ದಪ್ಪ ಉಳಿಯುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓದು, ಲೆಕ್ಕ ಮತ್ತು ಮಣಿಗಳ ಕೆಲಸ. ಹಾಳೆಯ ಕೆಲಸಕ್ಕೆ ಚಳಿಗಾಲ ಮತ್ತು ಬೇಸಿಗೆ. ದಪ್ಪವನ್ನು ಸ್ಕ್ರೂಗೇಜಿನಿಂದ ಒಂದೇ ಕಡೆ ನೋಡಿ ಬರೆದಿಡುವ ಅಭ್ಯಾಸ ನನಗೆ ಹಿಡಿಸದು. ನಾಲ್ಕೈದು ಕಡೆ ನೋಡಿ, ಹೆಚ್ಚು ಕಡಿಮೆ ಇದ್ದರೆ ಆ ಹಾಳೆಯನ್ನು ಬಿಟ್ಟುಬಿಡಬೇಕು.

ಈ ಹಂತದಲ್ಲಿ ಪಿವಿಎ ಹಾಳೆಯನ್ನು ಬಿಸಿನೀರಿಗೆ ಹಾಕಿದರೆ ಕರಗಿಹೋಗುತ್ತದೆ. ಅದನ್ನು ಕರಗದಂತೆ ಕಟ್ಟಿಹಾಕುವುದೇ ಕ್ರಾಸ್‌ಲಿಂಕಿಂಗ್, ಮತ್ತು ನನ್ನ ಮಟ್ಟಿಗೆ ಈ ಇಡೀ ವಿದ್ಯೆ ಇರುವುದು ಇಲ್ಲಿ. ಗ್ಲುಟರಾಲ್ಡಿಹೈಡಿನ ಅಣುವಿಗೆ ಎರಡೂ ತುದಿಯಲ್ಲಿ ಆಲ್ಡಿಹೈಡ್ ಗುಂಪುಗಳಿವೆ. ಸ್ವಲ್ಪ ಹೈಡ್ರೊಕ್ಲೋರಿಕ್ ಆಮ್ಲವಿದ್ದರೆ ಒಂದು ತುದಿ ಒಂದು ಪಿವಿಎ ಸರಪಳಿಯನ್ನೂ ಇನ್ನೊಂದು ತುದಿ ಪಕ್ಕದ ಸರಪಳಿಯನ್ನೂ ಹಿಡಿಯುತ್ತದೆ. ಹಾಳೆಯನ್ನು ಅಸಿಟೋನ್ ಹೆಚ್ಚಿರುವ ನೀರಿನಲ್ಲಿ ಮುಳುಗಿಸಿ ಈ ಕೆಲಸ ಮಾಡುತ್ತೇವೆ. ಬರೀ ನೀರಾದರೆ ಬಂಧ ಬೀಳುವ ಮೊದಲೇ ಹಾಳೆ ಮೆತ್ತಗಾಗುತ್ತದೆ. ಫ್ಯೂಮ್ ಹುಡ್ ಇಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು, ಕಣ್ಣು ಮೂಗು ಉರಿದುಹೋಗುತ್ತವೆ.

ಎಷ್ಟು ಹೊತ್ತು ಮುಳುಗಿಸಬೇಕು? ಕಡಿಮೆಯಾದರೆ ಹಾಳೆ ನೀರು ಕುಡಿದು ಉಬ್ಬುತ್ತದೆ, ಸರಪಳಿಗಳ ನಡುವೆ ಜಾಗವಾಗುತ್ತದೆ, ನೀರಿನ ಹಿಂದೆಯೇ ಆಲ್ಕೋಹಾಲೂ ನುಸುಳುತ್ತದೆ. ಜಾಸ್ತಿಯಾದರೆ ಹಾಳೆ ಗಾಜಿನಂತೆ ಸೆಟೆದುಕೊಂಡು ನೀರಿಗೂ ದಾರಿ ಬಿಡುವುದಿಲ್ಲ, ಪರೀಕ್ಷೆಯ ಸೆಲ್‌ನಲ್ಲಿ ಬಿಗಿಯುವಾಗ ಸೀಳುತ್ತದೆ. ಯಾವ ದುಬಾರಿ ಯಂತ್ರಕ್ಕಿಂತ ನಾನು ನಂಬುತ್ತಿದ್ದುದು ಉಬ್ಬಿನ ಪರೀಕ್ಷೆಯನ್ನು. ಒಣ ತುಂಡನ್ನು ತೂಗಿ, ಶೇ. 10 ನೀರಿರುವ ಆಲ್ಕೋಹಾಲಿನಲ್ಲಿ ಒಂದು ದಿನ ನೆನೆಸಿ, ಟಿಶ್ಯೂ ಕಾಗದದಲ್ಲಿ ಒತ್ತಿ ಮತ್ತೆ ತೂಗುವುದು. ಒತ್ತುವ ಕೈ ಒಂದೇ ಆಗಿರಬೇಕು. ಇಬ್ಬರು ಹಂಚಿಕೊಂಡು ಮಾಡಿದರೆ ಅಂಕಿಗಳು ಒಂದಕ್ಕೊಂದು ಕೂಡುವುದಿಲ್ಲ.

ಇನ್ನು ಓಡಿಸುವ ಮಾತು. ಪೊರೆಯನ್ನು ನಡುವೆ ಬಿಗಿದು ಪರೀಕ್ಷಿಸುವ ನಮ್ಮ ಪಾತ್ರೆಯಲ್ಲಿ, ಅಂದರೆ ಸೆಲ್‌ನಲ್ಲಿ, ಪೊರೆಯ ವಿಸ್ತಾರ ಸುಮಾರು 30 ಚದರ ಸೆಂಟಿಮೀಟರ್. ಇಂಥ ಪೊರೆಯಿಂದ ಗಂಟೆಗೆ ಚದರ ಮೀಟರಿಗೆ 100 ಗ್ರಾಂ ನೀರು ಬಂದರೆ ಸಂತೋಷಪಡಬೇಕು, ಅಂದರೆ ನಮ್ಮ ಸೆಲ್‌ನಿಂದ ಗಂಟೆಗೆ ಒಂದು ಗ್ರಾಮಿನ ಮೂರನೇ ಒಂದು ಪಾಲೂ ಇಲ್ಲ. ಆ ಆವಿಯನ್ನು ದ್ರವ ಸಾರಜನಕದಲ್ಲಿಟ್ಟ ಗಾಜಿನ ಟ್ರ್ಯಾಪಿನಲ್ಲಿ ಹೆಪ್ಪುಗಟ್ಟಿಸಿ ಹಿಡಿಯಬೇಕು. ಇಲ್ಲಿ ಎರಡು ಎಚ್ಚರಿಕೆ. ಕೊಳವೆಯಲ್ಲೆಲ್ಲೋ ಗಾಳಿ ಸೋರುತ್ತಿದ್ದರೆ ಗಾಳಿಯ ಆಮ್ಲಜನಕವೂ ಆ ಟ್ರ್ಯಾಪಿನಲ್ಲಿ ದ್ರವವಾಗುತ್ತದೆ. ತಿಳಿನೀಲಿ ದ್ರವ ಕಂಡರೆ ಅದು ಆಲ್ಕೋಹಾಲ್ ಜೊತೆ ಸೇರಿ ಸಿಡಿಯುವ ವಸ್ತು ಎಂದು ತಿಳಿದು ದೂರ ನಿಲ್ಲಬೇಕು. ಎರಡನೆಯದು ಕರೆಂಟು. "ಮೇಡಂ, ಕರೆಂಟ್ ಹೋತ್ರಿ" ಎಂದು ಲ್ಯಾಬ್ ಅಟೆಂಡರ್ ಕೂಗಿದ ಕೂಡಲೇ ಮೊದಲ ಕೈ ಪಂಪಿನ ಬದಿಯ ವಾಲ್ವಿಗೆ ಹೋಗಬೇಕು. ನಿಂತ ಪಂಪಿನ ಎಣ್ಣೆಯನ್ನು ನಿರ್ವಾತ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಎಣ್ಣೆ ಕುಡಿದ ಕೊಳವೆ ತೊಳೆಯುವುದು ಬೇರೆಯೇ ಕರ್ಮ.

ಫಲಿತಾಂಶದ ಪಟ್ಟಿಗಳ ಬಗ್ಗೆ ನನ್ನದೊಂದು ತಕರಾರಿದೆ. ಒಳಗೆ ಹಾಕಿದ ದ್ರವದಲ್ಲಿ ಶೇ. 10 ನೀರು, ಆಚೆ ಸಿಕ್ಕಿದ್ದರಲ್ಲಿ ಶೇ. 99.5 ನೀರು ಎಂದುಕೊಳ್ಳಿ. ಸೆಲೆಕ್ಟಿವಿಟಿ, ಅಂದರೆ ಆಚೆ ಸಿಕ್ಕಿದ್ದರಲ್ಲಿ ನೀರು-ಆಲ್ಕೋಹಾಲ್ ಅನುಪಾತ ಒಳಗಿನದಕ್ಕಿಂತ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿದರೆ ಸುಮಾರು 1,800. ಸಿಕ್ಕಿದ್ದು ಶೇ. 99.9 ಆದರೆ ಅದು ಸುಮಾರು 9,000! ಈ ಎರಡರ ನಡುವಿನ ಅಂತರ ರಿಫ್ರ್ಯಾಕ್ಟೋಮೀಟರಿನಲ್ಲಿ (ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ಉಪಕರಣ) ನಾಲ್ಕನೇ ದಶಾಂಶ ಸ್ಥಾನದ ಮೂರ್ನಾಲ್ಕು ಅಂಕಿ ಮಾತ್ರ. ಕೋಣೆಯ ಉಷ್ಣಾಂಶ ಕೊಂಚ ಅತ್ತಿತ್ತಾದರೂ ಕದಲುವಂಥದ್ದು. ಸಾವಿರಗಟ್ಟಲೆ ಸೆಲೆಕ್ಟಿವಿಟಿ ಬರೆದ ಲೇಖನ ಕಂಡಾಗ ನಾನು ಮೊದಲು ಹುಡುಕುವುದು ಅವರು ಹೇಗೆ ಅಳೆದರು ಎಂಬುದನ್ನು, ಆಮೇಲೆ ಆ ಪೊರೆ ಎಷ್ಟು ಕಾಲ ಬಾಳಿತು ಎಂಬುದನ್ನು. ಎರಡನೆಯದಕ್ಕೆ ಉತ್ತರ ಸಿಗುವುದು ಕಡಿಮೆ.

ಪಿವಿಎಗೆ ಝಿಯೋಲೈಟ್ 4ಎ ಎಂಬ, ಸೂಕ್ಷ್ಮ ರಂಧ್ರಗಳ ಖನಿಜದ ಪುಡಿ ಬೆರೆಸಿಯೂ ನೋಡಿದೆವು. ಅದರ ರಂಧ್ರ 0.4 ನ್ಯಾನೊಮೀಟರ್ ಆಸುಪಾಸು. ನೀರಿನ ಅಣು ಹಾಯುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲಿನ ಅಣು ಹಾಯುವುದಿಲ್ಲ. ಫ್ಲಕ್ಸೂ (ಪೊರೆಯಿಂದ ಹೊರಬರುವ ವೇಗ) ಸೆಲೆಕ್ಟಿವಿಟಿಯೂ ಒಟ್ಟಿಗೆ ಏರಬಹುದಾದ ಅಪರೂಪದ ದಾರಿ ಇದು. ಪುಡಿ ಹೆಚ್ಚಾದರೆ ಕಣಗಳು ಗುಂಪುಗೂಡಿ, ಪಾಲಿಮರಿಗೂ ಕಣಕ್ಕೂ ನಡುವೆ ಬಿರುಕು ಬಿಟ್ಟು ಲಾಭವೆಲ್ಲ ಹೋಗುತ್ತದೆ. ಆಲ್ಕೋಹಾಲ್‌ನಲ್ಲಿ ಅರ್ಧದಷ್ಟು ನೀರಿದ್ದರಂತೂ ಯಾವ ಪಿವಿಎ ಪೊರೆಯೂ ಉಬ್ಬಿ ಸೋಲುತ್ತದೆ. ಬಟ್ಟಿ ಇಳಿಸಿ ಬಹುಪಾಲು ನೀರು ತೆಗೆದು, ಕೊನೆಯ ಪಾಲಿಗೆ ಮಾತ್ರ ಪೊರೆ ಬಳಸುವುದೇ ಜಾಣತನ. 1980ರ ದಶಕದಲ್ಲಿ ಜರ್ಮನಿಯ ಜಿಎಫ್‌ಟಿ ಕಂಪನಿ ಮಾರುಕಟ್ಟೆಗೆ ತಂದ ಪಿವಿಎ ಪೊರೆಗಳ ಬಳಕೆಯೂ ಹೀಗೆಯೇ. ಅವರ ಪಿವಿಎ ಪದರ ನಮ್ಮ ಹಾಳೆಯಷ್ಟು ದಪ್ಪವಲ್ಲ. ರಂಧ್ರಗಳಿರುವ ಬೇರೊಂದು ಪಾಲಿಮರಿನ ಆಸರೆಯ ಮೇಲೆ ಲೇಪಿಸಿದ ಅತಿ ತೆಳು ಚರ್ಮ.

ಔಷಧದ ಕಡೆ ಬಂದರೆ ಇದೇ ಉಬ್ಬು ಶತ್ರುವಿನಿಂದ ಮಿತ್ರನಾಗುತ್ತದೆ. ಕಂದು ಕಡಲಪಾಚಿಯಿಂದ ಸಿಗುವ ಸೋಡಿಯಂ ಆಲ್ಜಿನೇಟನ್ನು ನೀರಿನಲ್ಲಿ ಕಲಸಿ, ಅದಕ್ಕೆ ನೋವಿನ ಔಷಧ ಡೈಕ್ಲೋಫಿನಾಕ್ ಸೇರಿಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟರೆ ಪ್ರತಿ ಹನಿಯೂ ಬಿದ್ದಲ್ಲೇ ಮಣಿಯಾಗುತ್ತದೆ. ಎರಡು ಧನ ಆವೇಶವಿರುವ ಕ್ಯಾಲ್ಸಿಯಂ ಪಕ್ಕಪಕ್ಕದ ಸರಪಳಿಗಳನ್ನು ಬೆಸೆಯುತ್ತದೆ. ಹೊಟ್ಟೆಯ ಆಮ್ಲದಂಥ ಪಿಎಚ್ 1.2ರ ದ್ರವದಲ್ಲಿ ಈ ಮಣಿ ಮುದುಡಿಕೊಂಡು ಔಷಧವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಕರುಳಿನ ಪರಿಸ್ಥಿತಿಗೆಂದು ನಾವು ಬಳಸುವ ಪಿಎಚ್ 7.4ರ ಫಾಸ್ಫೇಟ್ ದ್ರಾವಣಕ್ಕೆ ಬಂದಾಗ ಫಾಸ್ಫೇಟು ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಮಣಿ ಉಬ್ಬುತ್ತದೆ, ಔಷಧ ಹೊರಬರುತ್ತದೆ. ಜಠರವನ್ನು ಕೆರಳಿಸುವ ನೋವಿನ ಮಾತ್ರೆಗೆ ಇದು ಹೇಳಿಮಾಡಿಸಿದ ನಡವಳಿಕೆ. ಹೊರಬಂದ ಔಷಧವನ್ನು ಯುವಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 276 ನ್ಯಾನೊಮೀಟರಿನಲ್ಲಿ ಅಳೆಯುತ್ತೇವೆ. ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ದ್ರಾವಣ ಮಬ್ಬಾಗುವುದರಿಂದ ಸೋಸದೆ ಅಳೆದರೆ ಸುಳ್ಳು ಅಂಕಿ ಬರುತ್ತದೆ.

ಮಣಿಯಲ್ಲಿ ಕಾಡುವುದು ಮೊದಲ ಗಂಟೆ. ಮೇಲ್ಮೈಯಲ್ಲಿ ಕುಳಿತ ಔಷಧ ಒಮ್ಮೆಲೇ ಹೊರಬರುತ್ತದೆ. ಅದನ್ನು ತಡೆಯಲು ಗ್ಲುಟರಾಲ್ಡಿಹೈಡಿನಿಂದ ಇನ್ನಷ್ಟು ಬಿಗಿಯಬಹುದು, ಆದರೆ ಬಟ್ಟಿಯ ಪಕ್ಕದಲ್ಲಿ ಸಲ್ಲುವ ರಾಸಾಯನಿಕ ದೇಹದೊಳಗೆ ಸಲ್ಲಬೇಕಿಲ್ಲ. ತೊಳೆದಷ್ಟೂ ಒಂದಿಷ್ಟು ಉಳಿಯುವ ಭಯ. ಹಾಗಾಗಿ ಮಣಿಗೆ ಕೈಟೋಸಾನ್ ಲೇಪನ ಮಾಡುವುದನ್ನು ನಾನು ಮೆಚ್ಚುತ್ತೇನೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನಿಗೆ ಧನ ಆವೇಶ, ಆಲ್ಜಿನೇಟಿಗೆ ಋಣ ಆವೇಶ. ಯಾವ ವಿಷದ ನೆರವೂ ಇಲ್ಲದೆ ಅಂಟಿಕೊಳ್ಳುತ್ತವೆ.

ವೈದ್ಯಕೀಯದಲ್ಲಿ ಪೊರೆಯ ಅತಿದೊಡ್ಡ ಕೆಲಸ ಮಾತ್ರ ಡಯಾಲಿಸಿಸ್. 1943ರಲ್ಲಿ ಹಾಲೆಂಡಿನ ಕಾಂಪೆನ್‌ನಲ್ಲಿ ವಿಲೆಮ್ ಕೋಲ್ಫ್ ಕಟ್ಟಿದ ಕೃತಕ ಮೂತ್ರಪಿಂಡದಲ್ಲಿದ್ದ ಪೊರೆ ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆ. ಇಂದಿನ ಡಯಲೈಸರಿನಲ್ಲಿ ಒಳವ್ಯಾಸ 200 ಮೈಕ್ರಾನ್ ಸುಮಾರಿನ ಸಾವಿರಾರು ಪೊಳ್ಳು ನಾರುಗಳಿರುತ್ತವೆ, ಬಹಳಷ್ಟು ಪಾಲಿಸಲ್ಫೋನಿನವು. ರಕ್ತದ ಪ್ರೋಟೀನ್ ಆಲ್ಬುಮಿನ್ (66,000 ಡಾಲ್ಟನ್ ಮೇಲಿನದು; ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಒಳಗೇ ಉಳಿಯಬೇಕು, ಸುಮಾರು 11,800 ಡಾಲ್ಟನ್ನಿನ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಸಣ್ಣ ಪ್ರೋಟೀನ್ ಹೋಗಬೇಕು. ಇದಕ್ಕೆ ಉಬ್ಬದ ಪಾಲಿಮರೇ ಬೇಕು. ಪಾಲಿಸಲ್ಫೋನ್ ನೀರಿಗೆ ಒಗ್ಗದ್ದು, ಆದ್ದರಿಂದ ಅದರ ಜೊತೆ ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್, ನೀರಿನಲ್ಲಿ ಕರಗುವ ಪಾಲಿಮರ್) ಬೆರೆಸಿ ರಂಧ್ರ ಮೂಡಿಸುತ್ತಾರೆ, ನೀರಿನ ಸ್ನೇಹವನ್ನೂ ತರುತ್ತಾರೆ. ನೆಂಟರ ಆರ್‌ಓ ಇಲ್ಲಿಗೂ ಬರುತ್ತದೆ. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ನಾಲ್ಕು ತಾಸಿಗೆ ರೋಗಿಯೊಬ್ಬರ ರಕ್ತದ ಎದುರು ಹರಿಯುವ ದ್ರವ 120 ಲೀಟರ್, ಅದರ ನೀರು ಆರ್‌ಓದಿಂದಲೇ ಬರಬೇಕು.

ಪಿವಿಎ ಕೆಲಸ ಶಾಲೆ ಕಾಲೇಜಿಗೆ ಹೇಳಿಮಾಡಿಸಿದ್ದಲ್ಲ. ಆಲ್ಜಿನೇಟ್ ಮಣಿಗಳನ್ನು ಮಾತ್ರ ಪಿಯು ಮಕ್ಕಳೂ ಮಾಡಬಹುದು. ಆಹಾರ ದರ್ಜೆಯ ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್, ಸೂಜಿ ತೆಗೆದ ಸಿರಿಂಜು, ಔಷಧದ ಬದಲು ತಿನ್ನುವ ಬಣ್ಣ ಇಷ್ಟು ಸಾಕು. ಮಣಿಗಳನ್ನು ಎರಡು ಪಾಲು ಮಾಡಿ ಒಂದನ್ನು ವಿನೆಗರಿಗೆ, ಇನ್ನೊಂದನ್ನು ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಹಾಕಿಸಿ. ವಿನೆಗರಿನಲ್ಲಿರುವವು ಗಟ್ಟಿಯಾಗಿಯೇ ಉಳಿಯುತ್ತವೆ. ಸಿಟ್ರೇಟಿನಲ್ಲಿರುವವು ಮೊದಲು ಉಬ್ಬಿ ಆಮೇಲೆ ಕರಗುತ್ತವೆ. ಹತ್ತು ಹತ್ತು ನಿಮಿಷಕ್ಕೊಮ್ಮೆ ತೂಕ ಬರೆದಿಡಲು ಹೇಳಿ.