ಅತ್ತೆಯೂ ಆಡುವಂಥ ಗೇಮ್: ಮನೆಮಂದಿಗೆಲ್ಲ ಮೋಷನ್ ಕನ್ಸೋಲ್ ಹೊಂದಿಸಿದ ನನ್ನ ಅನುಭವ

ಮನೆಯವರೆಲ್ಲ ಸೇರಿ ಆಡೋಣ ಅಂತ ಗೇಮ್ ಕನ್ಸೋಲ್ ತರುವವರು ಸಾಮಾನ್ಯವಾಗಿ ಮಕ್ಕಳನ್ನು ಕೇಳಿ ಆರಿಸುತ್ತಾರೆ. ನಾನು ನಮ್ಮ ಅತ್ತೆಯನ್ನು ನೋಡಿ ಆರಿಸಿದೆ. ಮಗ, ಮಗಳು ಯಾವುದನ್ನು ಕೊಟ್ಟರೂ ಆಡುತ್ತಾರೆ. ನಮ್ಮವರು ಬಿಡುವಿದ್ದಾಗ ಬಂದು ಸೇರಿಕೊಳ್ಳುತ್ತಾರೆ. ಅತ್ತೆ ಮಾತ್ರ ಮೈತುಂಬ ಬಟನ್ ಇರುವ ಕಂಟ್ರೋಲರ್ ಕೈಗೆ ಬಂದರೆ ಹಾಗೇ ವಾಪಸ್ ಕೊಡುತ್ತಿದ್ದರು. ಅವರು ಮೊದಲ ಸಲಕ್ಕೇ ಆಡುವಂತಾದರೆ ಉಳಿದವರ ಬಗ್ಗೆ ಯೋಚನೆಯೇ ಬೇಡ ಅನ್ನಿಸಿತು. ಯಂತ್ರ, ಜಾಗ, ಆಟ, ಕಲಿಸುವ ರೀತಿ ಎಲ್ಲವನ್ನೂ ಇದೇ ಲೆಕ್ಕದಲ್ಲಿ ತೀರ್ಮಾನಿಸಿದೆ.

ಕೈ ಬೀಸಿ, ಮೈ ಆಡಿಸಿ ಆಡುವ ಕನ್ಸೋಲ್‌ಗೆ ಮೋಷನ್ ಕನ್ಸೋಲ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಂಥ ಮೂರು ಯಂತ್ರಗಳನ್ನು ಆಡಿದ್ದೇವೆ. ನಿಂಟೆಂಡೊದ ವೀ, ಎಕ್ಸ್‌ಬಾಕ್ಸ್ 360ಕ್ಕೆ ಜೋಡಿಸುವ ಕೈನೆಕ್ಟ್, ಆಮೇಲೆ ನಿಂಟೆಂಡೊ ಸ್ವಿಚ್. ವೀ ಬಂದಿದ್ದು 2006ರಲ್ಲಿ, ಹತ್ತು ಕೋಟಿಗೂ ಜಾಸ್ತಿ ಮಾರಾಟವಾಯಿತು. ಈಗ ಹಳೆಯದೇ ಸಿಗುವುದು. ಆದರೂ ನಮ್ಮ ಟಿವಿಯಿಂದ ಅದನ್ನು ಬಿಚ್ಚಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೈ ಬೀಸಿದ್ದು ಯಂತ್ರಕ್ಕೆ ತಿಳಿಯುವ ದಾರಿ ಎರಡು ಥರ. ಒಂದು, ಕೈಯಲ್ಲಿ ಹಿಡಿದ ರಿಮೋಟ್‌ನ ಒಳಗೇ ಸೆನ್ಸರ್ ಇರುವುದು. ವೀ, ಸ್ವಿಚ್ ಎರಡೂ ಹೀಗೆ. ಇನ್ನೊಂದು, ಟಿವಿ ಹತ್ತಿರ ಕ್ಯಾಮೆರಾ ಇಟ್ಟು ಇಡೀ ಮೈಯನ್ನು ನೋಡುವುದು. ಕೈನೆಕ್ಟ್ ಹೀಗೆ. 2010ರಲ್ಲಿ ಬಂದ ಪ್ಲೇಸ್ಟೇಷನ್ ಮೂವ್ ಎರಡನ್ನೂ ಸೇರಿಸಿತ್ತು. ಅದರ ರಿಮೋಟ್ ತುದಿಯಲ್ಲಿ ಹೊಳೆಯುವ ಚೆಂಡು ಇರುತ್ತದೆ. ಕ್ಯಾಮೆರಾಕ್ಕೆ ಆ ಚೆಂಡು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ಕೈ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತದೆ. ಅದನ್ನು ನಾನು ಕೊಂಡಿಲ್ಲ.

ಕಾಗದದ ಮೇಲೆ ನೋಡಿದರೆ ಅತ್ತೆಗೆ ಕೈನೆಕ್ಟೇ ಸರಿ. ಹಿಡಿಯುವುದೇನೂ ಇಲ್ಲ, ಬಟನ್ ಇಲ್ಲವೇ ಇಲ್ಲ. ಆದರೆ ಮನೆಯಲ್ಲಿ ಆಡಿದಾಗ ಬೇರೆಯೇ ಕಷ್ಟಗಳು ಕಂಡವು. ಕೈನೆಕ್ಟ್ ಮುಂದೆ ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರು ಆಡಲು 8 ಅಡಿ ದೂರ ನಿಲ್ಲಬೇಕು. ಅಷ್ಟು ಜಾಗ ಪೂರ್ತಿ ಖಾಲಿ ಇರಬೇಕು. ಆಡುವಾಗಲೆಲ್ಲ ಸೋಫಾ ಎಳೆಯಬೇಕಾಗುತ್ತಿತ್ತು. ಅದು ಇನ್ಫ್ರಾರೆಡ್ ಅನ್ನುವ ಕಣ್ಣಿಗೆ ಕಾಣದ ಬೆಳಕಿನ ಚುಕ್ಕಿಗಳನ್ನು ಚೆಲ್ಲಿ ನಮ್ಮ ಮೈ ಎಲ್ಲಿದೆ ಅಂತ ಅಳೆಯುತ್ತದೆ. ಹಾಗಾಗಿ ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ತಡವರಿಸುತ್ತದೆ. ಉದ್ದವಾದ ಸಡಿಲ ಬಟ್ಟೆ ಹಾಕಿಕೊಂಡರೆ ಕಾಲು ಎಲ್ಲಿದೆ ಅಂತ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಹಿಂದೆ ಕೂತು ನೋಡುತ್ತಿರುವವರು ಎದ್ದು ಓಡಾಡಿದರೆ ಅವರನ್ನೇ ಆಟಗಾರ ಅಂದುಕೊಳ್ಳುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಆಡಿದ ಆಟಗಳೆಲ್ಲ ನಿಂತೇ ಆಡಬೇಕಾದವು. ಅತ್ತೆಗೆ ಮಂಡಿನೋವು. ಎರಡು ಆಟ ಆಗುವಷ್ಟರಲ್ಲಿ ಕೂರುತ್ತಿದ್ದರು, ಕೂತ ತಕ್ಷಣ ಅವರ ಆಟ ಮುಗಿಯುತ್ತಿತ್ತು.

ರಿಮೋಟ್ ಕೈಯಲ್ಲಿದ್ದರೆ ಈ ತೊಂದರೆ ಇಲ್ಲ. ಯಂತ್ರ ನೋಡುವುದು ಕೈಯನ್ನು ಮಾತ್ರ. ನಿಂತಿದ್ದೀರಾ, ಕೂತಿದ್ದೀರಾ ಅನ್ನುವುದು ಅದಕ್ಕೆ ಬೇಡ. ಹಿಡಿಕೈ ಇಲ್ಲದ ಕುರ್ಚಿಯೊಂದನ್ನು ಹಾಲ್ ನಡುವೆ ಇಟ್ಟೆ. ಅತ್ತೆ ಅಲ್ಲಿ ಕೂತು ಕೈ ಪಕ್ಕಕ್ಕೆ ಇಳಿಬಿಟ್ಟು ಆರಾಮಾಗಿ ಬೀಸಿದರು. ಮಂಡಿ, ಬೆನ್ನು ನೋವಿರುವ ಹಿರಿಯರು ಮನೆಯಲ್ಲಿದ್ದರೆ ಕ್ಯಾಮೆರಾ ಥರದ್ದಕ್ಕಿಂತ ಕೈರಿಮೋಟ್ ಥರದ್ದೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ಆಟ ಬೌಲಿಂಗ್. ಕ್ರಿಕೆಟ್‌ನದ್ದಲ್ಲ, ಚೆಂಡು ಉರುಳಿಸಿ ದೂರದಲ್ಲಿ ನಿಲ್ಲಿಸಿದ ಪಿನ್‌ಗಳನ್ನು ಬೀಳಿಸುವ ಆಟ. ಬೇರೆ ಯಾವುದರಿಂದಲೂ ಶುರು ಮಾಡಬೇಡಿ. ವೀ ಸ್ಪೋರ್ಟ್ಸ್ ಅನ್ನುವ ಗೇಮ್ ಡಿಸ್ಕ್‌ನಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಐದೂ ಇವೆ. ಬೌಲಿಂಗ್‌ನಲ್ಲಿ ಎದುರಾಳಿ ನಿಮ್ಮನ್ನು ಅವಸರಪಡಿಸುವುದಿಲ್ಲ. ಒಬ್ಬರಾದ ಮೇಲೆ ಒಬ್ಬರ ಸರದಿ. ರಿಮೋಟ್ ಒಂದೇ ಇದ್ದರೂ ನಾಲ್ಕು ಜನ ಕೈಯಿಂದ ಕೈಗೆ ದಾಟಿಸಿ ಆಡಬಹುದು. ಎಸೆಯಲು ಬೇಕಾದ್ದು ಒಂದೇ ಬಟನ್. ರಿಮೋಟ್ ಕೆಳಗಡೆ ತೋರುಬೆರಳಿಗೆ ಸಿಗುವ ಬಿ ಬಟನ್ ಒತ್ತಿ ಹಿಡಿಯಬೇಕು, ಕೈ ಹಿಂದಕ್ಕೆ ತಂದು ಮುಂದಕ್ಕೆ ಬೀಸುವಾಗ ಬಿಡಬೇಕು. ಚೆಂಡು ಹೊರಟಿತು.

ಈ ಬಿಡುವ ಗಳಿಗೆಯನ್ನು ಕಲಿಸುವುದರಲ್ಲೇ ಎಲ್ಲ ಇದೆ. ಹೊಸಬರು ಹೆದರಿಕೆಯಿಂದ ಬಟನ್ ಬಿಡುವುದೇ ಇಲ್ಲ, ಇಲ್ಲವೇ ಕೈ ಹಿಂದಿರುವಾಗಲೇ ಬಿಡುತ್ತಾರೆ. ಹಿಂದಿರುವಾಗ ಬಿಟ್ಟರೆ ಟಿವಿಯಲ್ಲಿ ಚೆಂಡು ಹಿಂದಕ್ಕೆ ಹಾರಿ, ಅಲ್ಲಿ ನಿಂತ ಗೊಂಬೆಗಳೆಲ್ಲ ಬೆಚ್ಚಿ ಎಗರುತ್ತವೆ. ಅತ್ತೆ ಅದನ್ನು ನೋಡಿ ನಕ್ಕರು ನೋಡಿ, ಅಲ್ಲಿಗೆ ಅವರ ಸಂಕೋಚ ಹೋಯಿತು. ತಪ್ಪು ಎಸೆದವರಿಗೂ ನಗು ಬರುವ ಹಾಗೆ ಆ ಆಟ ಮಾಡಿದವರಿಗೆ ನಾನು ಮನಸಾರೆ ಧನ್ಯವಾದ ಹೇಳುತ್ತೇನೆ.

ಕಲಿಸುವಾಗ ಒಂದು ನಿಯಮ ಮಾಡಿದೆ. ಹೇಳಿಕೊಡುವುದು ಒಬ್ಬರೇ. ಮಕ್ಕಳಿಬ್ಬರೂ ಎರಡು ಕಡೆಯಿಂದ "ಅಜ್ಜಿ ಈಗ ಬಿಡು, ಅಜ್ಜಿ ಆ ಕಡೆ ತಿರುಗು" ಅಂತ ಕೂಗಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಮಗಳಿಗೆ ಆ ಕೆಲಸ ವಹಿಸಿದೆ. ಅವಳು ಪಕ್ಕದಲ್ಲಿ ನಿಂತು ತಾನೂ ಬರಿಗೈ ಬೀಸುತ್ತಾ "ಹಿಡ್ಕೋ ಅಜ್ಜಿ... ಈಗ ಬಿಡು" ಅಂತ ಅಷ್ಟೇ ಹೇಳುತ್ತಿದ್ದಳು. ಮೆನು ಒಳಗೆ ಹೋಗುವುದು, ಆಟ ಆರಿಸುವುದು, ಹೆಸರು ಹಾಕುವುದು ಇದ್ಯಾವುದನ್ನೂ ಅತ್ತೆಗೆ ಹೇಳಿಕೊಡಲಿಲ್ಲ. ಅವರ ಸರದಿ ಬಂದಾಗ ರಿಮೋಟ್ ಕೈಗೆ ಕೊಡುತ್ತಿದ್ದೆವು. ಉಳಿದದ್ದನ್ನು ತಾವಾಗಿಯೇ ಕೇಳಿದ ಮೇಲೆ ತೋರಿಸಿದ್ದು.

ಅದಕ್ಕೂ ಮುಂಚೆ ಮಾಡಿಟ್ಟ ಒಂದು ಕೆಲಸ ತುಂಬ ಉಪಯೋಗಕ್ಕೆ ಬಂತು. ವೀಯಲ್ಲಿ ಮನೆಮಂದಿಯ ಮುಖ ಹೋಲುವ ಗೊಂಬೆ ಮಾಡಬಹುದು, ಅದಕ್ಕೆ ಮೀ ಅನ್ನುತ್ತಾರೆ. ಬಿಳಿಕೂದಲು, ದುಂಡು ಕನ್ನಡಕ ಹಾಕಿ ಮಗ ಅಜ್ಜಿಯ ಗೊಂಬೆ ಮಾಡಿದ. ಟಿವಿಯಲ್ಲಿ ತನ್ನದೇ ಗೊಂಬೆ ಚೆಂಡು ಹಿಡಿದು ನಿಂತಿದ್ದು ಕಂಡಾಗ "ಇದು ನಾನಾ?" ಅಂತ ಅತ್ತೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹತ್ತು ನಿಮಿಷದ ಕೆಲಸ ಅದು, ದಯವಿಟ್ಟು ಬಿಡಬೇಡಿ.

ಈಗ ಹಳೆಯ ವೀಯನ್ನು ಯಾಕೆ ಇಟ್ಟುಕೊಂಡಿದ್ದೇನೆ ಅನ್ನುವ ಮಾತು. ಮೊದಲ ವೀ ರಿಮೋಟ್‌ನಲ್ಲಿ ಇರುವುದು ಆಕ್ಸೆಲೆರೋಮೀಟರ್. ಕೈ ಎಷ್ಟು ಜೋರಾಗಿ, ಯಾವ ಕಡೆ ಬೀಸಿತು ಅಂತ ಅದಕ್ಕೆ ಅಂದಾಜಾಗಿ ಗೊತ್ತಾಗುತ್ತದೆ. ಮಣಿಕಟ್ಟು ಸ್ವಲ್ಪ ತಿರುಗಿತ್ತಾ ಅನ್ನುವಂಥ ಸೂಕ್ಷ್ಮವನ್ನು ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. 2009ರಲ್ಲಿ ಮೋಷನ್‌ಪ್ಲಸ್ ಅಂತ ಗೈರೋಸ್ಕೋಪ್ ಇರುವ ಚಿಕ್ಕ ತುಂಡು ಬಂತು. ಅದನ್ನು ಸಿಕ್ಕಿಸಿದರೆ ಕೈ ತಿರುಗಿದ್ದು ಪೂರ್ತಿ ಗೊತ್ತಾಗುತ್ತದೆ. ಸ್ವಿಚ್‌ನ ಜಾಯ್-ಕಾನ್ ಅನ್ನುವ ಪುಟ್ಟ ಕೈರಿಮೋಟ್‌ನಲ್ಲಿ ಎರಡೂ ಒಳಗೇ ಇವೆ. ಮಕ್ಕಳಿಗೆ ಇದು ಇಷ್ಟ, ಯಾಕೆಂದರೆ ಕೈಚಳಕಕ್ಕೆ ಬೆಲೆ ಸಿಗುತ್ತದೆ. ಆದರೆ ಹೊಸದಾಗಿ ಆಡುವ ಹಿರಿಯರಿಗೆ ಒರಟು ಸೆನ್ಸರೇ ವಾಸಿ. ಕೈ ಸ್ವಲ್ಪ ನಡುಗಿದರೂ, ಮಣಿಕಟ್ಟು ವಾಲಿದರೂ ಅದು ಬೇಗ ದಂಡ ಹಾಕುವುದಿಲ್ಲ. ಬೀಸಿದಿರಾ, ಸರಿ, ಚೆಂಡು ಹೋಗಲಿ ಅನ್ನುತ್ತದೆ. ಹೆಚ್ಚು ನಿಖರವಾದ ಯಂತ್ರವೇ ಮನೆಮಂದಿಗೂ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಟೆನಿಸ್‌ನಲ್ಲಿ ಕೈ ಪೂರ್ತಿ ಬೀಸಬೇಕಿಲ್ಲ, ಸೋಫಾದಲ್ಲಿ ಒರಗಿ ಮಣಿಕಟ್ಟು ಚಿಮ್ಮಿಸಿದರೂ ಸಾಕು ಅಂತ ಮಗ ಬೇಗ ಕಂಡುಕೊಂಡ. ಯಂತ್ರ ಅದನ್ನು ತಡೆಯುವುದಿಲ್ಲ, ನಾವೇ ತಡೆಯಬೇಕು. ಅಜ್ಜಿ ಬಿಟ್ಟು ಬೇರೆಯವರೆಲ್ಲ ನಿಂತೇ ಆಡಬೇಕು ಅಂತ ಮಾಡಿದೆವು. ಚೆನ್ನಾಗಿ ಆಡುವವರು ಎಡಗೈಯಲ್ಲಿ ಆಡಬೇಕು ಅಂತಲೂ ಸೇರಿಸಿದೆವು. ಟೆನಿಸ್ ಜೋಡಿ ಆಟದಲ್ಲಿ ಮನೆಯ ಅತಿ ಹಿರಿಯರು, ಅತಿ ಕಿರಿಯರು ಒಂದು ಕಡೆ. ಆ ಆಟದಲ್ಲಿ ಗೊಂಬೆ ಚೆಂಡಿನ ಹತ್ತಿರ ತಾನೇ ಓಡುತ್ತದೆ, ನಾವು ಹೊಡೆದರೆ ಸಾಕು. ಬೇಗ ಬೀಸಿದರೆ ಒಂದು ಕಡೆ, ತಡವಾಗಿ ಬೀಸಿದರೆ ಇನ್ನೊಂದು ಕಡೆ ಚೆಂಡು ಹೋಗುತ್ತದೆ. ಬೌಲಿಂಗ್ ಚೆನ್ನಾಗಿ ಬಂದ ಮೇಲೆ ಟೆನಿಸ್‌ಗೆ ಹೋಗಿ. ಬಾಕ್ಸಿಂಗ್ ಹಿರಿಯರಿಗೆ ಬೇಡವೇ ಬೇಡ, ಭುಜ ಸೋತುಹೋಗುತ್ತದೆ.

ಜಾಗದ ವಿಷಯ. ಆಡುವವರು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಬೇಕು. ಏನೂ ತಗುಲಬಾರದು, ಅದರ ಆಚೆಗೂ ಒಂದು ಹೆಜ್ಜೆ ಖಾಲಿ ಇರಬೇಕು. ಟೀಪಾಯಿ ಹೊರಗೆ ಹೋಗಲಿ. ತಲೆ ಮೇಲೆ ಫ್ಯಾನ್ ಇದ್ದರೆ ಎತ್ತರದವರು ಅದರ ಕೆಳಗೆ ನಿಲ್ಲಬಾರದು. ನಯವಾದ ನೆಲದ ಮೇಲೆ ಸಾಕ್ಸ್ ಹಾಕಿ ಆಡಬಾರದು. ಇಬ್ಬರು ಅಕ್ಕಪಕ್ಕ ಆಡುವಾಗ ಎಡಗೈಯವರು ಎಡಕ್ಕೆ, ಬಲಗೈಯವರು ಬಲಕ್ಕೆ ನಿಂತರೆ ಬೀಸುವ ಕೈಗಳು ಹೊರಗಡೆ ಇರುತ್ತವೆ. ಇಬ್ಬರೂ ಬಲಗೈಯವರಾದರೆ ಒಬ್ಬರು ಎರಡು ಹೆಜ್ಜೆ ಹಿಂದೆ ನಿಲ್ಲಲಿ.

ಕೈಗೆ ಸ್ಟ್ರ್ಯಾಪ್ ಕಟ್ಟದೆ ಯಾರಿಗೂ ರಿಮೋಟ್ ಕೊಡುವುದಿಲ್ಲ. ವೀ ಬಂದ ಹೊಸದರಲ್ಲಿ ದಾರ ಕಿತ್ತು ರಿಮೋಟ್ ಹಾರಿ ಟಿವಿಗೆ ಬಡಿದ ಸುದ್ದಿ ಬಂದಿದ್ದವು. 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ತೆಳು ಸ್ಟ್ರ್ಯಾಪ್‌ಗಳನ್ನು ಬದಲಿಸಿ ಕೊಡಲು ಮುಂದಾಯಿತು, ಮರುವರ್ಷ ರಿಮೋಟ್‌ಗೆ ರಬ್ಬರ್ ಕವಚವನ್ನೂ ಕೊಟ್ಟಿತು. ಹಳೆಯ ವೀ ಕೊಳ್ಳುವವರು ಆ ಕವಚ ಇದೆಯಾ ನೋಡಿ. ಜಾಯ್-ಕಾನ್‌ನ ಸ್ಟ್ರ್ಯಾಪ್ ಜಾರಿಸಿ ಸಿಕ್ಕಿಸುವಂಥದ್ದು. ಅದರ ಮೇಲೆ ಪ್ಲಸ್ ಅಥವಾ ಮೈನಸ್ ಗುರುತು ಇರುತ್ತದೆ. ಪ್ಲಸ್ ಬಟನ್ ಇರುವ ಜಾಯ್-ಕಾನ್‌ಗೆ ಪ್ಲಸ್, ಮೈನಸ್ ಇರುವುದಕ್ಕೆ ಮೈನಸ್. ಅದಲುಬದಲಾದರೆ ಸಿಕ್ಕಿಹಾಕಿಕೊಂಡು ಬಿಚ್ಚಲು ಪರದಾಡಬೇಕಾಗುತ್ತದೆ.

ಆಟದ ನಡುವೆ ಯಂತ್ರ ಮಾತು ಕೇಳದಿದ್ದರೆ ಹಿರಿಯರು ತಮ್ಮದೇ ತಪ್ಪು ಅಂದುಕೊಂಡು ರಿಮೋಟ್ ಕೆಳಗಿಡುತ್ತಾರೆ. ಅದಕ್ಕೇ ಕಾರಣ ತಿಳಿದಿರುವುದು ಒಳ್ಳೆಯದು. ವೀ ಜೊತೆ ಟಿವಿ ಮೇಲಿಡುವ ಸೆನ್ಸರ್ ಬಾರ್ ಇರುತ್ತದಲ್ಲ, ಅದರಲ್ಲಿ ಸೆನ್ಸರ್ ಇಲ್ಲ. ಎರಡು ತುದಿಯಲ್ಲಿ ಇನ್ಫ್ರಾರೆಡ್ ದೀಪಗಳಿವೆ ಅಷ್ಟೇ. ಅವನ್ನು ನೋಡುವ ಕ್ಯಾಮೆರಾ ರಿಮೋಟ್‌ನ ಮೂತಿಯಲ್ಲಿದೆ. ಹಾಗಾಗಿ ತೆರೆಯ ಮೇಲಿನ ಕೈಗುರುತು ಕುಣಿಯುತ್ತಿದ್ದು, ಬೀಸುವುದು ಮಾತ್ರ ಸರಿಯಾಗಿ ನಡೆಯುತ್ತಿದ್ದರೆ ತೊಂದರೆ ಬೆಳಕಿನದು. ಟಿವಿ ಪಕ್ಕದ ಕಿಟಕಿಯ ಪರದೆ ಎಳೆಯಿರಿ. ಬೀಸುವುದೂ ಹತ್ತದಿದ್ದರೆ ಸೆಲ್ ಬದಲಿಸಿ ನೋಡಿ. ಬಾರ್ ಉರಿಯುತ್ತಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಫೋನ್ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ಮಸುಕಾಗಿ ಹೊಳೆಯುವುದು ಕಾಣುತ್ತದೆ.

ಸ್ವಿಚ್‌ನಲ್ಲಿ ಬೇರೆ ಕಥೆ. ಗೈರೋಸ್ಕೋಪ್ ಕೈ ಎಷ್ಟು ವೇಗವಾಗಿ ತಿರುಗಿತು ಅಂತ ಅಳೆದು ಕೂಡಿಸುತ್ತಾ ಹೋಗುತ್ತದೆ. ಚಿಕ್ಕ ಚಿಕ್ಕ ವ್ಯತ್ಯಾಸಗಳೂ ಜೊತೆಗೆ ಕೂಡುತ್ತವೆ. ಆಗ ನೇರ ಹಿಡಿದರೂ ಗುರಿ ಪಕ್ಕಕ್ಕೆ ಸರಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಮೋಷನ್ ಕ್ಯಾಲಿಬ್ರೇಷನ್ ಆರಿಸಿ, ಜಾಯ್-ಕಾನ್ ಅನ್ನು ಅಲುಗಾಡದ ಮೇಜಿನ ಮೇಲೆ ಇಟ್ಟರೆ ಸರಿಹೋಗುತ್ತದೆ. ಜೊತೆಗೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಟೆನಿಸ್, ಬ್ಯಾಡ್ಮಿಂಟನ್‌ನಲ್ಲಿ ಹೊಡೆತ ತಪ್ಪುತ್ತದೆ. ಬೌಲಿಂಗ್‌ಗೆ ಅದು ಅಷ್ಟು ಬಾಧಿಸದು.

ಮೈಮೇಲೂ ಗಮನ ಇರಲಿ. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಬಂದಿತ್ತು. 29 ವರ್ಷದ ಆರೋಗ್ಯವಂತ ಯುವ ವೈದ್ಯರೊಬ್ಬರಿಗೆ ವೀಯಲ್ಲಿ ಗಂಟೆಗಟ್ಟಲೆ ಟೆನಿಸ್ ಆಡಿ ಬಲಭುಜ ಹಿಡಿದುಕೊಂಡಿತ್ತು. ಆ ವಯಸ್ಸಿಗೇ ಹಾಗಾದರೆ ನಮ್ಮ ಹಿರಿಯರ ಗತಿ? ಗಂಟೆಗೊಮ್ಮೆ 10ರಿಂದ 15 ನಿಮಿಷ ವಿರಾಮ ಕೊಡಿ ಅಂತ ನಿಂಟೆಂಡೊದವರೇ ಹೇಳುತ್ತಾರೆ. ನಾವು ಅತ್ತೆಗೆ ಅದಕ್ಕಿಂತ ಬೇಗ ಕೊಡುತ್ತೇವೆ, ಶುರುವಿಗೆ ಮುಂಚೆ ಭುಜ ತಿರುಗಿಸಿಕೊಳ್ಳಲು ಹೇಳುತ್ತೇವೆ. ಪೇಸ್‌ಮೇಕರ್ ಇರುವವರು, ಬೆಳಕು ಮಿಣುಕಿದರೆ ಫಿಟ್ಸ್ ಬರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಹೊಸದಾಗಿ ಕೊಳ್ಳುವವರಿಗೆ ಸ್ವಿಚ್ ಸರಿ. ಅದರ ಜೊತೆ ಬರುವ ಎರಡು ಜಾಯ್-ಕಾನ್ ಬಿಡಿಸಿದರೆ ಇಬ್ಬರಿಗೆ ತಲಾ ಒಂದು. 2022ರಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್‌ನಲ್ಲಿ ಬೌಲಿಂಗ್ ಇದ್ದೇ ಇದೆ, ಬ್ಯಾಡ್ಮಿಂಟನ್ ನಮ್ಮ ಮಕ್ಕಳಿಗೆ ಪ್ರಾಣ. ಸ್ವಿಚ್ ಲೈಟ್ ಮಾತ್ರ ತರಬೇಡಿ. ಅದರ ಕಂಟ್ರೋಲರ್ ಬಿಚ್ಚಲು ಬರುವುದಿಲ್ಲ, ಟಿವಿಗೂ ಜೋಡಿಸಲಾಗುವುದಿಲ್ಲ. ಮಾಳಿಗೆಯಲ್ಲಿ ಮನೆ ಇರುವವರು ರಿಂಗ್ ಫಿಟ್ ಅಡ್ವೆಂಚರ್ ಅನ್ನುವ ಸ್ವಿಚ್‌ನ ವ್ಯಾಯಾಮದ ಗೇಮ್ ಆಡುವುದಾದರೆ ಅದರಲ್ಲಿ ಸದ್ದಿಲ್ಲದೆ ಆಡುವ ವ್ಯವಸ್ಥೆ ಇದೆ. ಓಡುವ ಬದಲು ಮಂಡಿ ಬಗ್ಗಿಸಿದರೆ ಸಾಕು, ಕೆಳಗಿನ ಮನೆಯವರಿಗೆ ತೊಂದರೆ ಇಲ್ಲ. ಹಳೆಯ ವೀ ತರುವವರು ರಿಮೋಟ್‌ನ ಸೆಲ್ ಮುಚ್ಚಳ ತೆಗೆದು ಒಳಗೆ ತುಕ್ಕು ಇದೆಯಾ ನೋಡಿ, ಡಿಸ್ಕ್ ಹಾಕಿಸಿ ಓದುತ್ತದಾ ನೋಡಿ, ನಿಮ್ಮ ಟಿವಿಗೆ ಅದರ ಹಳೇ ಥರದ ವೈರ್ ಸಿಕ್ಕಿಸುವ ಜಾಗ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.