ದುಬಾರಿ ರೇಜರ್ ಆಮೇಲೆ, ಮೊದಲು ಬ್ಲೇಡು ಕೂರಿಸೋದು ಕಲೀರಿ

ನಮ್ಮ ಮನೆ ಹುಡುಗರಿಗೆ ಈಗ ಹೊಸ ಹುಚ್ಚು ಹಿಡಿದಿದೆ. ತಾತನ ಕಾಲದ ಹಾಗೆ ಎರಡೂ ಕಡೆ ಹರಿತ ಇರುವ ಬ್ಲೇಡು ಹಾಕುವ ರೇಜರ್ ಬೇಕಂತೆ. ಅದೂ ಅಂತಿಂಥದ್ದಲ್ಲ, 15,000 ರೂಪಾಯಿದು! ಮೊಮ್ಮಗ ಫೋನಿನಲ್ಲಿ ಚಿತ್ರ ತೋರಿಸಿ "ಅಜ್ಜಿ, ತಗೊಳ್ಳಲಾ?" ಅಂದ. ನಾನು ಚಿತ್ರ ನೋಡಲಿಲ್ಲ, ಅವನ ಕತ್ತು ನೋಡಿದೆ. ತುಂಬ ಕೆಂಪು ಗುಳ್ಳೆ. ಇರೋ ರೇಜರನ್ನೇ ಮುಖಕ್ಕೆ ಒತ್ತಿ ಒತ್ತಿ ಎಳೆಯುವವನಿಗೆ ದುಬಾರಿದು ಕೊಟ್ಟರೆ ಏನು ಬದಲಾಗುತ್ತದೆ ಹೇಳಿ?

ಗಡ್ಡ ತೆಗೆಯೋದು ಬ್ಲೇಡು ಕಣ್ರೋ, ಹಿಡಿ ಅಲ್ಲ. ಜಿಲೆಟ್ ಅನ್ನೋ ಅಮೆರಿಕದವನು ಇದಕ್ಕೆ ಪೇಟೆಂಟ್ ಪಡೆದಿದ್ದು 1904ರಲ್ಲಿ. ಇವತ್ತು ಅಂಗಡಿಯಲ್ಲಿ ಸಿಗುವ ಬ್ಲೇಡು ತಾತನ ಹಳೇ ರೇಜರಿಗೂ ಕೂರುತ್ತದೆ, 300 ರೂಪಾಯಿದಕ್ಕೂ ಕೂರುತ್ತದೆ, 15,000ದ್ದಕ್ಕೂ ಕೂರುತ್ತದೆ. ಅದೇ ಟೋಪಾಜ್, ಅದೇ ಸೆವೆನ್ ಓ ಕ್ಲಾಕ್. ಹಾಗಾಗಿ ಇದರಲ್ಲಿ ದುಡ್ಡು ಉಳಿಯುತ್ತದೆ ಅಂತ ಹುಡುಗರು ಹೇಳೋ ಲೆಕ್ಕ ನಿಜವೇ. ಮೂರು ನಾಲ್ಕು ಬ್ಲೇಡು ಒಟ್ಟಿಗೆ ಕೂರಿಸಿದ ಆ ಪ್ಲಾಸ್ಟಿಕ್ ತಲೆ, ಅದೇ ಕಾರ್ಟ್ರಿಜ್, ಒಂದರ ದುಡ್ಡಿಗೆ ಬ್ಲೇಡಿನ ಪ್ಯಾಕೆಟ್ಟುಗಳೇ ಬರುತ್ತವೆ. ಆದರೆ ಆ ಉಳಿತಾಯ ಅಗ್ಗದ ರೇಜರಿಗೂ ಸಿಗುತ್ತದೆ. ಉಳಿಸೋಕೆ ಅಂತ 15,000 ಸುರಿದರೆ ಅದು ವಾಪಸ್ ಬರೋ ಹೊತ್ತಿಗೆ ನಿಮ್ಮ ತಲೆ ಬೆಳ್ಳಗಾಗಿರುತ್ತದೆ.

ಹಾಗಂತ ದುಬಾರಿದೆಲ್ಲ ಮೋಸ ಅಂತಲೂ ಅಲ್ಲ. ಜಾಸ್ತಿ ದುಡ್ಡು ಹೋಗೋದು ಲೋಹಕ್ಕೆ, ಅದನ್ನು ಕರಾರುವಾಕ್ಕಾಗಿ ಕೊರೆಯೋದಕ್ಕೆ. ಅಗ್ಗದವು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಮೇಲೆ ಕ್ರೋಮ್ ಲೇಪ ಕೊಟ್ಟವು. ಲೇಪ ಎಲ್ಲಾದರೂ ಎದ್ದರೆ ನೀರು ಒಳಗೆ ಇಳಿದು ಲೋಹ ತಿನ್ನುತ್ತದೆ, ಒಂದು ದಿನ ತಿರುಪಿನ ಬುಡವೇ ಮುರಿದು ಕೈಗೆ ಬರುತ್ತದೆ. ಆದರೆ ಹೆಸರುವಾಸಿ ಜರ್ಮನ್ ರೇಜರುಗಳಲ್ಲೂ ಎಷ್ಟೋ ಇದೇ ಲೋಹದವು, ಒರೆಸಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತವೆ. ಹಿತ್ತಾಳೆದು ಇನ್ನೂ ಗಟ್ಟಿ. ಸ್ಟೇನ್‌ಲೆಸ್ ಸ್ಟೀಲಿನದಂತೂ ಮೊಮ್ಮಕ್ಕಳಿಗೂ ಆಗುತ್ತದೆ. ಟೈಟಾನಿಯಂ ಅಂತ ಇನ್ನೊಂದಿದೆ, ಕೈಗೆ ತೂಕವೇ ಇರೋದಿಲ್ಲ. ಎರಡಂಚಿನ ಯಾವ ರೇಜರನ್ನೂ ಒತ್ತಬಾರದು, ಅದರ ತೂಕಕ್ಕೇ ಅದು ಜಾರಬೇಕು. ಹೊಸಬರು ಹಗುರದ್ದು ಕೊಂಡರೆ ಮತ್ತೆ ಒತ್ತುತ್ತಾರೆ.

ನನ್ನ ಮಾತು ಕೇಳೋದಾದರೆ, ಮೊದಲು ಕೆಲವು ನೂರು ರೂಪಾಯಿಯದ್ದು ತಗೊಳ್ಳಿ. ಬ್ಲೇಡಿನ ಕೆಳಗಿನ ತಟ್ಟೆಯ ಅಂಚಿಗೆ ಬಾಚಣಿಗೆಯಂಥ ಹಲ್ಲಿರುವದ್ದು ಬೇಡ, ಬ್ಲೇಡು ತೀರಾ ಹೊರಗೆ ಚಾಚದಂಥದ್ದು ಸಾಕು. ಕೈ ಪಳಗಲಿ. ಆಮೇಲೂ ದಿನಾ ಶೇವ್ ಮಾಡುವ ಅಭ್ಯಾಸ ಉಳಿದಿದ್ದರೆ ಸ್ಟೀಲಿನದು ಒಂದೇ ಸಲ ಕೊಂಡುಬಿಡಿ, ನಾನು ಅಡ್ಡ ಬರಲ್ಲ. ಗಡ್ಡ ಬಿಟ್ಟುಕೊಂಡು ತಿಂಗಳಿಗೊಮ್ಮೆ ಅಂಚು ತೀಡುವವರಿಗೆ ಯಾಕೆ? ಕೈಚೀಲ ಒಂದೇ ಹಿಡಿದು ವಿಮಾನ ಹತ್ತುವವರೂ ಯೋಚಿಸಿ, ಈ ಬ್ಲೇಡನ್ನು ಒಳಗೆ ಬಿಡೋದಿಲ್ಲ.

ಈಗ ಅಸಲು ವಿಷಯ. ಅಗ್ಗದ್ದಿರಲಿ, ದುಬಾರಿದಿರಲಿ, ಬಂದ ದಿನವೇ ಸೋಪು ಹಚ್ಚಬೇಡಿ. ಕಿಟಕಿ ಹತ್ತಿರ ಕೂತು ಒಣ ರೇಜರಿಗೆ ಬ್ಲೇಡು ಹಾಕಿ ನೋಡಿ. ಮೊದಲು ರೇಜರನ್ನು ಬಿಚ್ಚಿ, ಬ್ಲೇಡಿನ ಮೇಲೆ ಕೂರುವ ಮುಚ್ಚಳವನ್ನು ಅಂಗೈ ಮೇಲೆ ಬೋರಲು ಇಟ್ಟುಕೊಳ್ಳಿ, ತಿರುಪು ಮೇಲಕ್ಕಿರಲಿ. ಬ್ಲೇಡನ್ನು ಹರಿತ ಇಲ್ಲದ ಗಿಡ್ಡ ತುದಿಗಳಲ್ಲಿ ಹಿಡಿದು ಮೆಲ್ಲಗೆ ಇಳಿಸಿ. ಅದರ ಮೇಲೆ ತಟ್ಟೆ ಇಡಿ, ಆಮೇಲೆ ತಿರುಪಿಗೆ ಹಿಡಿ ಹಾಕಿ. ತಿರುಗಿಸುತ್ತಾ ಹೋಗಿ, ಬಿಗಿಯಾಗೋಕೆ ಸ್ವಲ್ಪ ಬಾಕಿ ಇರುವಾಗ ನಿಲ್ಲಿಸಿ. ರೇಜರಿನ ತಲೆಯ ಎರಡು ಗಿಡ್ಡ ತುದಿಗಳನ್ನು ಹೆಬ್ಬೆರಳು, ತೋರುಬೆರಳಲ್ಲಿ ಅದುಮಿ ಹಿಡಿದುಕೊಂಡೇ ಕೊನೆಯ ಬಿಗಿ ಕೊಡಿ. ಬರೀ ಹಿಡಿಯನ್ನೇ ತಿರುವಿದರೆ ಬ್ಲೇಡು ಕೂದಲೆಳೆಯಷ್ಟು ಓರೆಯಾಗಬಹುದು, ಕೆನ್ನೆ ಕೊಯ್ಯೋಕೆ ಅಷ್ಟು ಸಾಕು. ಈಗ ತಲೆಯನ್ನು ಬೆಳಕಿಗೆ ಹಿಡಿದು, ಹಿಂದೆ ಒಂದು ಬಿಳಿ ಕಾಗದ ಇಟ್ಟು, ನೇರ ಮೇಲಿಂದ ನೋಡಿ. ಮುಚ್ಚಳದ ಅಂಚಿನಾಚೆ ಹೊಳೆಯುವ ಗೆರೆ ಎಡಕ್ಕೂ ಬಲಕ್ಕೂ ಒಂದೇ ದಪ್ಪ ಇರಬೇಕು, ಈ ತುದಿಯಿಂದ ಆ ತುದಿವರೆಗೂ. ಇಲ್ಲವಾ? ಬಿಚ್ಚಿ, ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ದಪ್ಪ ಗೆರೆ ಆ ಕಡೆಗೆ ಹೋದರೆ ತಪ್ಪು ಬ್ಲೇಡಿನದು. ಇದ್ದ ಕಡೆಯೇ ಇದ್ದರೆ ರೇಜರಿನದು, ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ. ಒಮ್ಮೆ ಮುಖಕ್ಕೆ ಹಚ್ಚಿದ್ದನ್ನು ಯಾರು ತಗೊಳ್ತಾರೆ? 15,000 ಕೊಟ್ಟಿದ್ದರೆ ಈ ಗೆರೆ ಚೂರೂ ಹೆಚ್ಚು ಕಮ್ಮಿ ಇರಕೂಡದು, ಬೆಲೆ ಕೊಟ್ಟಿರೋದೇ ಅದಕ್ಕೆ.

ನಮ್ಮ ಯಜಮಾನರು ಇದನ್ನು ಪ್ರತಿ ಹೊಸ ಬ್ಲೇಡಿಗೂ ಮಾಡುತ್ತಿದ್ದರು. ಮೊಳೆಗೆ ಕನ್ನಡಿ ನೇತುಹಾಕಿ, ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ನೋಡೋರು. ನಾನು ಕಾಫಿ ಆರುತ್ತೆ ಅಂತ ಕೂಗುತ್ತಿದ್ದೆ, ಆದರೂ ಬಿಡುತ್ತಿರಲಿಲ್ಲ. ಅವರ ಕತ್ತಿನ ಮೇಲೆ ಒಂದು ಗೀರು ಆಗಿದ್ದು ನೋಡಿಲ್ಲ. ನಮ್ಮ ತಂದೆಯವರಂತೂ ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಗೋಡೆಗೆ ಉಜ್ಜಿ ಇನ್ನೊಂದೆರಡು ಸಲ ಎಳೆಯೋರು. ಅದನ್ನು ಈಗ ಮಾಡಬೇಡಿ, ಬ್ಲೇಡು ಒಂದು ಲೋಟ ಟೀಗಿಂತ ಅಗ್ಗ. ನಾಲ್ಕೈದು ಶೇವ್ ಆದ ಮೇಲೆ ಬ್ಲೇಡು ಕೂದಲನ್ನು ಹಿಡಿದೆಳೆಯೋಕೆ ಶುರುವಾದರೆ ಬದಲಾಯಿಸಿ.

ಕೆಲಸ ಮುಗಿದ ಮೇಲೆ ಸಡಿಲಿಸಿ, ನೀರು ಹಾಯಿಸಿ, ಒದರಿ, ಒಣಗೋ ಕಡೆ ಇಡಿ. ಬಚ್ಚಲಲ್ಲೇ ಸೋಪಿನ ಪಕ್ಕ ನೆನೆಯೋಕೆ ಬಿಡೋರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಿಸೋಕೆ ಹುಣಸೆಹಣ್ಣು ಹಚ್ಚಬೇಡಿ. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಅದು ಸರಿ, ಲೇಪ ಕೊಟ್ಟದ್ದಕ್ಕಲ್ಲ. ಹಳೇ ಟೂತ್‌ಬ್ರಷ್ಷು, ಪಾತ್ರೆ ಸೋಪು ಸಾಕು, ವಾರಕ್ಕೊಮ್ಮೆ.

ಹಳೇ ಬ್ಲೇಡನ್ನು ಕಸದ ಬುಟ್ಟಿಗೆ ಎಸೆದರೆ ಮಾತ್ರ ನನ್ನ ಕೈಲಿ ಬೈಸಿಕೊಳ್ತೀರಿ. ಕಸ ವಿಂಗಡಿಸೋ ಹೆಣ್ಣುಮಕ್ಕಳ ಕೈ ಕೊಯ್ಯುತ್ತದೆ. ತಗಡಿನ ಡಬ್ಬಿಗೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಬನ್ನಿ, ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ಬ್ಲೇಡು ಅಂತ ಬರೆದು ಕಸ ತಗೊಳ್ಳೋರ ಕೈಗೇ ಕೊಡಿ.