ಬಿಇಒ ಕಚೇರಿಯಿಂದ ಜಿನೀವಾವರೆಗೆ: ಭಾಷಾ ಅಲ್ಪಸಂಖ್ಯಾತರು ದೂರು ಸಲ್ಲಿಸುವ ಕ್ರಮ

ಬಾಗೇಪಲ್ಲಿ, ಪಾವಗಡದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ತಮಿಳು. ಕೋಲಾರ, ಚಿಂತಾಮಣಿಯ ಹಲವು ಬೀದಿಗಳಲ್ಲಿ ಉರ್ದು. ಇಂಥ ಮನೆಗಳ ಮಕ್ಕಳು ಕಲಿಯುವ ಸರ್ಕಾರಿ ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರು ನಿವೃತ್ತರಾಗಿ ಹುದ್ದೆ ಖಾಲಿಯೇ ಉಳಿದಾಗ, ನೇರವಾಗಿ ವಿಶ್ವಸಂಸ್ಥೆಗೆ ಬರೆದುಬಿಡೋಣ ಎನ್ನುವವರಿದ್ದಾರೆ. ಬರೆಯಲು ಅಡ್ಡಿಯಿಲ್ಲ. ಆದರೆ ಅಲ್ಲಿಗೆ ಹೋಗುವ ಪತ್ರಕ್ಕೆ ತೂಕ ಬರುವುದು ತಾಲ್ಲೂಕು ಕಚೇರಿಗಳಲ್ಲಿ ಮೊದಲೇ ಕಟ್ಟಿಕೊಂಡ ಕಡತದಿಂದ.

ಮೊದಲು ಮನವಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಿರ್ಣಯದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕೊಡಿ. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಬೀಳುವವರೆಗೂ ಅಲ್ಲಿಂದ ಕದಲಬೇಡಿ. ಮೊಹರಿಲ್ಲದ ಪ್ರತಿ ಮುಂದೆ ಎಲ್ಲಿಯೂ ಪುರಾವೆಯಾಗುವುದಿಲ್ಲ. ಮನವಿಯಲ್ಲಿ ಭಾವಾವೇಶಕ್ಕಿಂತ ಅಂಕಿ ಮುಖ್ಯ: ಯಾವ ತರಗತಿಯಲ್ಲಿ ಆ ಮಾತೃಭಾಷೆಯ ಮಕ್ಕಳು ಎಷ್ಟಿದ್ದಾರೆ, ಹುದ್ದೆ ಎಂದಿನಿಂದ ಖಾಲಿಯಿದೆ ಎಂಬುದನ್ನು ಬರೆಯಿರಿ. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕೆಂಬ ಮಾನದಂಡ 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದದ್ದು. ಅದರ ಜೊತೆಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸೌಲಭ್ಯ ಕಲ್ಪಿಸಲು ರಾಜ್ಯಗಳಿಗೆ ಸೂಚಿಸುವ ಸಂವಿಧಾನದ 350ಎ ವಿಧಿಯನ್ನು ಉಲ್ಲೇಖಿಸಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳೊಳಗೆ ಮಾಹಿತಿ ಕೊಡಬೇಕಾಗುತ್ತದೆ, ಕೊಡದಿದ್ದರೆ ಆ ಮೌನವೂ ಮೇಲ್ಮನವಿಗೆ ಆಧಾರವಾಗುತ್ತದೆ. ಬಳಿಕ ಇಡೀ ಕಡತದ ಪ್ರತಿಯನ್ನು 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳುಹಿಸಿ. ಅವರು ಆದೇಶ ಹೊರಡಿಸಲಾರರು, ರಾಜ್ಯ ಸರ್ಕಾರದಿಂದ ವಿವರಣೆ ಕೇಳಬಲ್ಲರು.

ಇನ್ನು ಅಂತರರಾಷ್ಟ್ರೀಯ ಬಾಗಿಲುಗಳು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಅದರ 27ನೇ ವಿಧಿಯಂತೆ ಜನಾಂಗೀಯ, ಧಾರ್ಮಿಕ ಅಥವಾ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಸಮುದಾಯದವರೊಡನೆ ಸೇರಿ ತಮ್ಮ ಸಂಸ್ಕೃತಿಯನ್ನು ಅನುಭವಿಸುವ, ಧರ್ಮವನ್ನು ಆಚರಿಸುವ, ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸುವಂತಿಲ್ಲ. ಇದೇ ಹಕ್ಕನ್ನು ಅಲ್ಪಸಂಖ್ಯಾತ ಮಕ್ಕಳಿಗೆ ಹೇಳುವ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಶಾಲೆಯ ವಿಷಯಕ್ಕೆ ಇನ್ನೂ ಹತ್ತಿರದ್ದು. 1992ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ಅಲ್ಪಸಂಖ್ಯಾತರ ಹಕ್ಕುಗಳ ಘೋಷಣೆಯ 4ನೇ ವಿಧಿ ಮಾತೃಭಾಷಾ ಕಲಿಕೆಯನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ‘ಸಾಧ್ಯವಿರುವೆಡೆಯಲ್ಲೆಲ್ಲ’ ಎಂಬ ಷರತ್ತು ಅದಕ್ಕಿದೆ, ಘೋಷಣೆ ಕಾನೂನಾಗಿ ಬಂಧಿಸುವಂಥದ್ದೂ ಅಲ್ಲ. ಅದೊಂದನ್ನೇ ನೆಚ್ಚಿಕೊಂಡು ಬರೆದ ದೂರು ದುರ್ಬಲವೆಂಬುದು ನನ್ನ ಅಭಿಪ್ರಾಯ.

ನಾವು ಅಲ್ಪಸಂಖ್ಯಾತರು ಎಂದು ತೋರಿಸುವಾಗ ಎಚ್ಚರ ಬೇಕು. ಕೆನಡಾದ ಕ್ವಿಬೆಕ್ ಪ್ರಾಂತದ ಇಂಗ್ಲಿಷ್ ಭಾಷಿಕರ ಪ್ರಕರಣದಲ್ಲಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 1993ರಲ್ಲಿ, ಅದರ 27ನೇ ವಿಧಿಗೆ ಇಡೀ ದೇಶವೇ ಲೆಕ್ಕ, ಪ್ರಾಂತವಲ್ಲ ಎಂದಿತು. ನಮ್ಮ ಸುಪ್ರೀಂ ಕೋರ್ಟ್ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿ, ಅಲ್ಪಸಂಖ್ಯಾತರು ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುವ ಸಂವಿಧಾನದ 30ನೇ ವಿಧಿಗೆ ರಾಜ್ಯವೇ ಲೆಕ್ಕ ಎಂದಿದೆ. ತೆಲುಗು, ತಮಿಳು, ಉರ್ದು ಭಾಷಿಕರು ಕರ್ನಾಟಕದಲ್ಲಿಯೂ ದೇಶದಲ್ಲಿಯೂ ಬಹುಸಂಖ್ಯಾತರಲ್ಲದ್ದರಿಂದ ಎರಡೂ ಅಳತೆಗೆ ನಿಲ್ಲುತ್ತಾರೆ. ಪತ್ರದಲ್ಲಿ ಎರಡನ್ನೂ ಹೇಳಿಬಿಡುವುದು ಲೇಸು. (ಆಂಧ್ರದ ಮಡಕಶಿರಾದಲ್ಲಿರುವ ಕನ್ನಡಿಗ ಪೋಷಕರೂ ಇದೇ ಕ್ರಮವನ್ನು ಅನುಸರಿಸಬಹುದು.)

ಒಂದು ಬಾಗಿಲು ಮುಚ್ಚಿದೆ ಎಂಬುದನ್ನು ತಿಳಿದಿರಬೇಕು. ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಪೂರಕ ಒಪ್ಪಂದವಾದ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಮೊದಲ ಐಚ್ಛಿಕ ಪ್ರೋಟೊಕಾಲ್‌ಗೆ ಭಾರತ ಸೇರಿಲ್ಲವಾದ್ದರಿಂದ ವ್ಯಕ್ತಿಯೊಬ್ಬರು ಮಾನವ ಹಕ್ಕುಗಳ ಸಮಿತಿಯ ಮುಂದೆ ದಾವೆಯಂತೆ ದೂರು ಹೂಡಲಾಗದು. ತೆರೆದಿರುವುದು ವಿಶ್ವಸಂಸ್ಥೆ ನೇಮಿಸುವ ಸ್ವತಂತ್ರ ತಜ್ಞರಾದ ಅಲ್ಪಸಂಖ್ಯಾತರ ವಿಷಯಗಳ ವಿಶೇಷ ವರದಿಗಾರರ ಬಾಗಿಲು. ಅವರಿಗೆ ಬರೆಯಲು ದೇಶದೊಳಗಿನ ಎಲ್ಲ ಪರಿಹಾರ ಮಾರ್ಗಗಳೂ ಮುಗಿದಿರಬೇಕೆಂಬ ನಿಯಮವಿಲ್ಲ. ಆದರೂ ಮೊಹರು ಬಿದ್ದ ಪ್ರತಿಗಳಿದ್ದರೆ ಸರ್ಕಾರಕ್ಕೆ ತಿಳಿದೇ ಇರಲಿಲ್ಲ ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಜಾಲತಾಣದಲ್ಲಿರುವ ನಮೂನೆಯನ್ನು ಇಂಗ್ಲಿಷಿನಲ್ಲಿ ತುಂಬಿ. ಯಾರಿಗೆ, ಎಲ್ಲಿ, ಯಾವಾಗ, ಯಾವ ಅಧಿಕಾರಿಯಿಂದ ಏನಾಯಿತು ಎಂಬುದನ್ನು ದಿನಾಂಕದ ಕ್ರಮದಲ್ಲಿ ಬರೆಯಿರಿ. ಬರೀ ಪತ್ರಿಕಾ ತುಣುಕುಗಳ ಮೇಲೆ ನಿಂತ ದೂರನ್ನೂ ನಿಂದನೆಯ ಭಾಷೆಯ ದೂರನ್ನೂ ಪರಿಗಣಿಸುವುದಿಲ್ಲ. ದೂರು ಕಳುಹಿಸಿದವರ ಗುರುತನ್ನು ಗುಟ್ಟಾಗಿಡುತ್ತಾರೆ. ಬಾಧಿತರ ಹೆಸರು ಮಾತ್ರ ಸಾಮಾನ್ಯವಾಗಿ ಸರ್ಕಾರಕ್ಕೆ ಹೋಗುವ ಪತ್ರದಲ್ಲಿರುತ್ತದೆ. ಆದ್ದರಿಂದ ಪೋಷಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದುಕೊಳ್ಳಿ, ಮಕ್ಕಳ ಹೆಸರು ಪ್ರಕಟವಾಗಬಾರದೆಂದು ನಮೂನೆಯಲ್ಲಿ ಸ್ಪಷ್ಟವಾಗಿ ಕೇಳಿ.

ವರದಿಗಾರರು ಕ್ರಮ ಕೈಗೊಳ್ಳಲೇಬೇಕೆಂದಿಲ್ಲ. ಅದು ಅವರ ವಿವೇಚನೆ. ಸರ್ಕಾರಕ್ಕೆ ಪತ್ರ ಬರೆದರೆ ಉತ್ತರಕ್ಕೆ ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಕೊಡುತ್ತಾರೆ, ಅನಂತರ ಪತ್ರ ಹಾಗೂ ಬಂದಿದ್ದರೆ ಉತ್ತರ ಎರಡೂ ಸಾರ್ವಜನಿಕವಾಗುತ್ತವೆ. ಅವುಗಳ ಮುದ್ರಿತ ಪ್ರತಿಯನ್ನು ಹೈಕೋರ್ಟಿನಲ್ಲಿ 226ನೇ ವಿಧಿಯಡಿ ಹೂಡುವ ರಿಟ್ ಅರ್ಜಿಗೆ ಅನುಬಂಧವಾಗಿ ಲಗತ್ತಿಸಿ. ದೇಶದ ಕಾನೂನಿಗೆ ವಿರುದ್ಧವಾಗದ ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನು ಮೂಲಭೂತ ಹಕ್ಕುಗಳ ಅರ್ಥೈಸುವಿಕೆಯಲ್ಲಿ ಬಳಸಬಹುದೆಂದು ಸುಪ್ರೀಂ ಕೋರ್ಟ್ 1997ರ ವಿಶಾಖಾ ತೀರ್ಪಿನಲ್ಲಿ ಹೇಳಿದೆ.